ಕಾಲರಾ ವರ್ಷದ ತೊಲದ ಕಲ್ಲು

ಆ ದಿನವೂ ನನ್ನ ಬೆಳಗು ನೀರು ಕುದಿಸುವುದರಿಂದಲೇ ಸುರುವಾಯಿತು. ಕುಡಿಯುವ ನೀರನ್ನು ಬುಳಬುಳನೆ ಕುದಿಸಿ, ಹಳೆಯ ಧೋತರದ ಅರಿವೆಯನ್ನು ಇಮ್ಮಡಿ ಮಾಡಿ ಸೋಸಿ, ಮುಚ್ಚಿ ಆರಲಿಡಬೇಕು. ಮೆಂತ್ಯದ ಪಲ್ಲೆ ಬಂದಿದ್ದರೆ ಅದನ್ನು ಕೆಂಪು ಔಷಧಿ ಬೆರೆಸಿದ ನಸುಗೆಂಪು ನೀರಿನಲ್ಲಿ ನೆನೆಹಾಕಬೇಕು. ಹಾಲಿನವಳು ಹೊಸ್ತಿಲ ಆಚೆ ನಿಂತು ಎತ್ತರದಿಂದ ಹಾಲು ಸುರಿಯುತ್ತಿದ್ದಳು. ಅವಳ ಚೊಂಬು ನಮ್ಮ ಪಾತ್ರೆಗೆ ತಾಗಕೂಡದೆಂದು ನಮ್ಮ ಅತ್ತೆಯವರ ಕಟ್ಟಪ್ಪಣೆ. ನಲವತ್ತರ ದಶಕದ ಮಾತಿದು. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ರೇಷನ್ ಬಂದಿತ್ತು, ಅದರ ಮೇಲೆ ಜಿಲ್ಲೆಗೆ ಕಾಲರಾ ಬಂದಿತ್ತು. ಇಂದು ವಿಜಯಪುರ ಎನ್ನುವ ಊರನ್ನು ನಾವೆಲ್ಲ ಆಗ ವಿಜಾಪುರ ಎನ್ನುತ್ತಿದ್ದೆವು. ನಮ್ಮ ಯಜಮಾನರು ಅಲ್ಲಿ ತೂಕ ಮತ್ತು ಅಳತೆಗಳ ಇನ್ಸ್‌ಪೆಕ್ಟರ್ ಆಗಿದ್ದರು. ಸೊಲ್ಲಾಪುರ ರಸ್ತೆಯಲ್ಲಿ ಒಂದು ಬಾಡಿಗೆ ಮನೆಯಲ್ಲಿ ನಾವು ಮೂವರು, ಯಜಮಾನರು, ಅತ್ತೆಯವರು ಮತ್ತು ನಾನು, ಇದ್ದೆವು.

ಆ ಹುದ್ದೆಯ ಕೆಲಸ ಏನೆಂಬುದು ಈಗಿನ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಪೇಟೆಯಲ್ಲಿ ಯಾರೇ ಆಗಲಿ ತೂಗಿ ಕೊಡುವ, ಅಳೆದು ಕೊಡುವ ಕಲ್ಲು, ಸೇರು, ಪಾವು ಎಲ್ಲವನ್ನೂ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರರ ಮುಂದೆ ತರಬೇಕು. ಕಲ್ಲು ಎಂದರೆ ನಮ್ಮ ಕಡೆ ಕಬ್ಬಿಣದ್ದಿರಲಿ ಹಿತ್ತಾಳೆಯದಿರಲಿ ತೂಕದ ಬಟ್ಟಿಗೆ ಇರುವ ಹೆಸರು. ಇನ್ಸ್‌ಪೆಕ್ಟರರ ಬಳಿ ಸರಕಾರ ಕೊಟ್ಟ ಹಿತ್ತಾಳೆಯ ಕಲ್ಲುಗಳ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ವರ್ಕಿಂಗ್ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಅಂಗಡಿಯವನ ಕಲ್ಲನ್ನು ಅದರೊಡನೆ ತೂಗಿ, ಸರಿಯಿದ್ದರೆ ಶಿಕ್ಕಾ ಒತ್ತುವುದು, ತಪ್ಪಿದ್ದರೆ ಜಪ್ತಿ ಮಾಡುವುದು. ಆ ಪೆಟ್ಟಿಗೆಯ ಕಲ್ಲುಗಳನ್ನಾದರೂ ಯಾರು ನಂಬಬೇಕು? ಅದಕ್ಕಾಗಿ ಜಿಲ್ಲಾ ಖಜಾನೆಯ ಕಬ್ಬಿಣದ ಕಪಾಟಿನಲ್ಲಿ ಇನ್ನೊಂದು ಜೊತೆ ಇತ್ತು. ಅದನ್ನು ಹೊರಗೆ ತೆಗೆಯುವುದು ವರ್ಷಕ್ಕೊಮ್ಮೆ, ಇನ್ಸ್‌ಪೆಕ್ಟರರ ಕಲ್ಲುಗಳನ್ನು ತೂಗಿ ನೋಡಲಿಕ್ಕೆ ಮಾತ್ರ.

ಕಾಲರಾ ಈ ಏರ್ಪಾಡನ್ನೆಲ್ಲ ಬುಡಮೇಲು ಮಾಡಿತು. ನಮ್ಮವರ ಕಚೇರಿಯಿದ್ದ ಕಟ್ಟಡವನ್ನು ಸೂಜಿ ಹಾಕುವ ಕೇಂದ್ರಕ್ಕೆಂದು ತೆಗೆದುಕೊಂಡರು. ಗುಮಾಸ್ತರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಾವನ ಊರಿಗೆ ಹೋದವರು ತಿರುಗಿ ಬರಲಿಲ್ಲ. ಸಿಪಾಯಿಯ ಮನೆಯಲ್ಲೇ ಬೇನೆ ಕಾಣಿಸಿಕೊಂಡದ್ದರಿಂದ ಅವನು ಹೊರಬೀಳುವಂತಿರಲಿಲ್ಲ. ಹೀಗೆ ಕಚೇರಿ ಎಂಬುದು ನಮ್ಮ ಮನೆಯ ಪಡಸಾಲೆಗೆ ಬಂದಿತು. ಸರಕಾರದ ಪೆಟ್ಟಿಗೆಯೂ ಬಂದು ನಮ್ಮ ಹಾಸಿಗೆಯ ಸುರುಳಿಗಳ ಪಕ್ಕದಲ್ಲಿ ಕುಳಿತಿತು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷೂ ದುಂಡು ಅಕ್ಷರವೂ ನನಗಿದ್ದವು, ಅಷ್ಟರಿಂದಲೇ ನಾನು ಸಂಬಳವಿಲ್ಲದ ಗುಮಾಸ್ತೆಯಾದೆ. ಖಜಾನೆಯಲ್ಲಿ ಆಗಬೇಕಾಗಿದ್ದ ಆ ವರ್ಷದ ಪರೀಕ್ಷೆಯನ್ನು 'ಬೇನೆ ಇಳಿದ ಮೇಲೆ' ಎಂದು ಮುಂದೂಡಿದರು. ಸರ್ಟಿಫಿಕೇಟು ಕೊಡುವ ಕೆಲಸ ಮಾತ್ರ ನಿಲ್ಲುವಂತಿರಲಿಲ್ಲ. ಇಂಥ ಕಾಲದಲ್ಲೇ ಹೆಚ್ಚು ಕಳ್ಳತೂಕ ನಡೆಯುತ್ತದೆಂದು ಮೇಲಿನವರ ತಾಕೀತು.

ನಮ್ಮವರು ಒಬ್ಬರೇ ಪೆಟ್ಟಿಗೆ ಹೊತ್ತುಕೊಂಡು ಮೊದಲು ಬಬಲೇಶ್ವರಕ್ಕೆ ಹೋಗಿ ಕಿರಾಣಿ ಅಂಗಡಿಗಳ ಸೇರಿನ ಕಲ್ಲುಗಳಿಗೆ ಶಿಕ್ಕಾ ಒತ್ತಿ ಬಂದರು. ಆಮೇಲೆ ಅಕ್ಕಪಕ್ಕದ ಹಳ್ಳಿಗಳು, ಕೊನೆಗೆ ಟಿಕೋಟಾ. ಟಿಕೋಟಾದಲ್ಲಿ ಅಂದು ಸಂತೆ. ಸಂತೆಗಳನ್ನು ಮುಚ್ಚಬೇಕೆಂಬ ಹುಕುಂ ಬರುವ ಮೊದಲಿನ ಕೊನೆಯ ಸಂತೆ. ಆ ಊರಿನಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರ ಮೌನೇಶಪ್ಪ ತನ್ನ ತೊಲ, ಅರ್ಧ ತೊಲ, ತೊಲದ ಹನ್ನೆರಡನೆಯ ಪಾಲಾದ ಮಾಸಿಯ ಸಣ್ಣ ಕಲ್ಲುಗಳನ್ನು ತಂದು ಮುಂದಿಟ್ಟ. ತೂಗಿದರೆ ಅವೆಲ್ಲ ಸರಕಾರಿ ಕಲ್ಲಿಗಿಂತ ಭಾರ. ಬಂಗಾರದ ಕಲ್ಲು ಭಾರವಿದ್ದರೆ ಏನಾಗುತ್ತದೆ ನೋಡಿ: ಬಡವರು ಹಳೆಯ ಒಡವೆ ಮಾರಲು ತಂದಾಗ ಅವರ ಬಂಗಾರ ಕಡಿಮೆ ತೂಗುತ್ತದೆ, ಉಳಿದದ್ದು ಪತ್ತಾರನ ಪಾಲು. ಬೇನೆಗೆ ಹೆದರಿ ಊರು ಬಿಡುವವರು ಒಡವೆ ಮಾರುತ್ತಿದ್ದ ಕಾಲ ಅದು. ನಮ್ಮವರು ತುಂಬಿದ ಸಂತೆಯ ಎದುರಿಗೆ ಅವನ ಕಲ್ಲುಗಳನ್ನು ಚೀಲದಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿದರು, ಅಂಗಡಿಗೆ ಕೀಲಿ ಜಡಿದರು.

"ಸಾಹೇಬ್ರ, ಹ್ವಾದ ವರ್ಸ ನೀವ ಕೈಯಾರೆ ಶಿಕ್ಕಾ ಒತ್ತಿದ ಕಲ್ಲರಿ ಇವು," ಎಂದು ಮೌನೇಶಪ್ಪ ಅಂಗಲಾಚಿದನಂತೆ. ಸಂತೆಯ ಜನ ಅವನ ಮಾತು ಮುಗಿಯಲು ಬಿಟ್ಟಿರಲಿಲ್ಲ.

ಈಗ ಆ ಬೆಳಗಿಗೆ ಬರುತ್ತೇನೆ. ಹಾಲು ಒಳಗಿಟ್ಟು ಅಂಗಳಕ್ಕೆ ನೀರು ಹಾಕಲು ಹೋದರೆ ಕಟ್ಟೆಯ ಕೆಳಗೆ ಒಬ್ಬ ಹೆಂಗಸು ಕುಳಿತಿದ್ದಳು. ಮೌನೇಶಪ್ಪನ ಹೆಂಡತಿ ಕಾಳಮ್ಮ. ಹಿಂದೊಮ್ಮೆ ಬಂದು ನಮ್ಮವರ ಕೈಯಿಂದ ಬೈಸಿಕೊಂಡು ಹೋಗಿದ್ದಳು. ಹಿಂದಿನ ಸಂಜೆಯ ಮೋಟಾರು ಬಸ್ಸಿಗೆ ಬಂದು ಯಾರೋ ನೆಂಟರ ಮನೆಯ ಜಗಲಿಯಲ್ಲಿ ಮಲಗಿ ಎದ್ದು ಬಂದಿದ್ದಳು. ಅವಳ ಕೊರಳಲ್ಲಿ ಕರಿಮಣಿ ಬಿಟ್ಟರೆ ಏನೂ ಇರಲಿಲ್ಲ. ಪತ್ತಾರನ ಹೆಂಡತಿ ಎಂದು ಯಾರೂ ಹೇಳುತ್ತಿರಲಿಲ್ಲ.

"ಸಾಹೇಬ್ರು ಇನ್ನೂ ಎದ್ದಿಲ್ಲವ್ವಾ," ಎಂದೆ.

"ಅವರಿಗೆ ಹೇಳಾಕ ಬಂದಿಲ್ರಿ ಬಾಯಾರ. ನಿಮಗ ಹೇಳಾಕ ಬಂದೇನಿ," ಎಂದಳು. "ಊರ ಬಾವಿಗೆ ಬರಬ್ಯಾಡ ಅಂತಾರ್ರಿ ನಮಗ. ಮಂದಿ ಸಾಯೂ ಹೊತ್ತಿನಾಗ ಬಂಗಾರ ಕದ್ದವ್ರು ನೀವು, ನಿಮ್ಮ ಕೊಡ ಮುಳುಗಿದ್ರ ಬಾವಿಗೆ ಪಾಪ ಹತ್ತತೈತಿ ಅಂತಾರ. ಆ ಬಾವಿಗಷ್ಟ ಔಷಧಿ ಹಾಕ್ಯಾರ್ರಿ. ನಾವು ಹಳ್ಳದಾಗ ವರತಿ ತೋಡಿ ಕುಡ್ಯಾಕತ್ತೇವಿ. ಎರಡು ಸಣ್ಣ ಕೂಸು ಅದಾವ್ರಿ ನನಗ."

ಆಗಿನ ದಿನಗಳಲ್ಲಿ ಹಳ್ಳದ ನೀರು ಎಂದರೆ ಕಾಲರಾವನ್ನೇ ಕುಡಿದ ಹಾಗೆ. ಕುದಿಸಿ ಆರಿಸಿದ ನೀರನ್ನು ಒಂದು ತಂಬಿಗೆ ತಂದುಕೊಟ್ಟೆ. ಅವಳು ಅದನ್ನು ಕುಡಿಯದೆ, "ಒಯ್ಯಲೇನ್ರಿ, ಹುಡುಗರಿಗೆ?" ಎಂದು ಕೇಳಿದಳು.

ಮೌನೇಶಪ್ಪನ ಮೇಲಿನ ಖಟ್ಲೆಯ ರಿಪೋರ್ಟನ್ನು ಹಿಂದಿನ ದಿನ ನಾನೇ ಇಂಗ್ಲಿಷಿನಲ್ಲಿ ಚೆಂದ ಮಾಡಿ ಬರೆದಿದ್ದೆ. ಮಾಮಲೇದಾರರು ಕಾಳಮ್ಮ ಬಂದ ದಿನದ ಮರುದಿನ ಕ್ಯಾಂಪಿಗೆ ಹೊರಡುವವರಿದ್ದರು. ಅಂದೇ ಅದು ಅವರ ಕೈ ಸೇರಬೇಕು. ಸೇರಿತೆಂದರೆ ಅವನು ಕೋರ್ಟು ಹತ್ತಿದಂತೆಯೇ.

ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯವರು ಕೂಗಿದರು. ಮುಸುರೆ ತಿಕ್ಕುವ ಹೆಂಗಸು ಬೇನೆ ಬಂದಾಗಿನಿಂದ ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಬೆಳಿಗ್ಗೆ ಬರವಣಿಗೆಗೆ ಕುಳಿತುಬಿಡುತ್ತಿದ್ದುದರಿಂದ ಪಾತ್ರೆಯ ಕೆಲಸವನ್ನೆಲ್ಲ ಅತ್ತೆಯವರೇ ಮಾಡಿಕೊಳ್ಳುತ್ತಿದ್ದರು, ನನ್ನನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅಂದು ಮಾತ್ರ ಸೊಂಟ ಹಿಡಿದುಕೊಂಡಿತೆಂದು ಕರೆದರು. ಹೋಗಿ ನೋಡಿದರೆ ಬಚ್ಚಲ ಪಕ್ಕದ ಹಲಗೆಯ ಮೇಲೆ ತಂಬಿಗೆ, ಹರಿವಾಣ, ದೀಪದ ಸಮೆ ಎಲ್ಲ ಬೋರಲು ಹಾಕಿದ್ದವು. ಅವುಗಳ ತುದಿಗೆ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಹಿತ್ತಾಳೆಯ ಸಣ್ಣ ಸಣ್ಣ ಗುಂಡುಗಳು. ಎಳೆಬಿಸಿಲಿಗೆ ಅವು ಬಂಗಾರದ ಹಾಗೆ ಹೊಳೆಯುತ್ತಿದ್ದವು. ಮೊದಲು ನನಗೆ ದೇವರ ಸಾಮಾನು ಎನಿಸಿತು. ಬಗ್ಗಿ ನೋಡಿದೆ. ಪ್ರತಿಯೊಂದರ ನೆತ್ತಿಯ ಮೇಲೂ ಸರಕಾರದ ಕಿರೀಟದ ಗುರುತು.

"ಅತ್ತೀ," ಎಂದೆ. "ಇವನ್ನ ಯಾಕ ತೊಳದ್ರಿ?"

"ಯಾಕ ಅಂದ್ರ? ಸಂತ್ಯಾಗ ನೂರು ಮಂದಿ ಮುಟ್ಟಿದ್ದು. ಯಾವ ಬ್ಯಾನಿ ಮನಿಯವ್ರ ಕೈ ಹತ್ತಿರತೈತೋ! ಪೆಟಗಿ ಮನೀಗೆ ಬಂದ ದಿನದಿಂದ ದಿನಾ ತಿಕ್ಕತೇನಿ. ಹುಣಸಿಹಣ್ಣು ಹಚ್ಚಿ, ಬೂದಿ, ಇಟ್ಟಂಗಿ ಪುಡಿ ಹಾಕಿ. ಈ ಸಣ್ಣವು ಅದಾವಲ್ಲ, ಇವುಗಳ ಕುತ್ತಿಗ್ಯಾಗ ಹೊಲಸು ಕುಂತಿರತೈತಿ ನೋಡ್, ಇವಕ್ಕ ತೆಂಗಿನ ನಾರು ಬೇಕಾಗತೈತಿ. ನಿನ್ನ ಗಂಡ ಎದ್ದು ನೋಡೂದ್ರಾಗ ಒರಸಿ ಪೆಟಗ್ಯಾಗ ಇಟ್ಟಬಿಡತೇನಿ. ಅವಗೇನು ತಿಳೀತೈತಿ!"

ಅತ್ತೆಯವರ ಮುಖದ ಮೇಲೆ ಮಗನನ್ನು ಬೇನೆಯಿಂದ ಕಾಪಾಡಿಕೊಂಡ ತೃಪ್ತಿಯಿತ್ತು. ನನಗೆ ಕಾನ್ವೆಂಟಿನ ವಿಜ್ಞಾನದ ಕೋಣೆ ಕಣ್ಣಮುಂದೆ ಬಂತು. ಅಲ್ಲಿಯ ತಕ್ಕಡಿಯ ಪುಟ್ಟ ಕಲ್ಲುಗಳನ್ನು ಬರಿಗೈಯಲ್ಲಿ ಮುಟ್ಟಿದ್ದಕ್ಕೆ ಸಿಸ್ಟರ್ ಒಬ್ಬ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಬೆರಳ ಬೆವರಿಗೇ ತೂಕ ಕೆಡುತ್ತದೆ ಎಂದಿದ್ದರು. ಇಲ್ಲಿ ಹುಳಿ, ಬೂದಿ, ಇಟ್ಟಿಗೆಯ ಪುಡಿ, ಅದೂ ದಿನಾಲು!

ನಿಂತಲ್ಲೇ ಯೋಚನೆ ಓಡಿತು. ಬಳಸಿದ ಕಲ್ಲು ಸವೆಯುವುದುಂಟು, ಬೆಳೆಯುವುದಿಲ್ಲ. ಶಿಕ್ಕಾ ಆದ ಕಲ್ಲು ಒಂದು ವರ್ಷಕ್ಕೆ ಭಾರವಾಗಬೇಕಾದರೆ ಯಾರಾದರೂ ಬೆಸುಗೆ ಹಾಕಿ ಕೂಡಿಸಿರಬೇಕು. ಮೌನೇಶಪ್ಪ ಹಾಗೆ ಮಾಡಿದ್ದಾನೆಂದೇ ರಿಪೋರ್ಟಿನಲ್ಲಿ ಬರೆದಿತ್ತು. ಆದರೆ ಅವನ ಕಲ್ಲು ಹೇಗಿತ್ತೋ ಹಾಗೇ ಇದ್ದು, ನಮ್ಮದು ಹಗುರಾಗಿದ್ದರೆ?

ಯಜಮಾನರು ಎದ್ದು ಮುಖ ತೊಳೆದು ಚಹಾಕ್ಕೆ ಕುಳಿತಿದ್ದರು. ನಾನು ಸುತ್ತು ಹಾಕದೆ ಹೇಳಿಬಿಟ್ಟೆ. ಅವರು ಚಹಾದ ಬಶಿಯನ್ನು ಕೆಳಗಿಟ್ಟರು.

"ಹುಚ್ಚಿ! ತಿಕ್ಕಿದ್ರ ಎಷ್ಟು ಸವದೀತು?" ಎಂದರು. "ಬಬಲೇಶ್ವರದಾಗ ಅಷ್ಟು ಕಲ್ಲು ತೂಗೀನಿ. ಒಂದೂ ತಪ್ಪು ಬರಲಿಲ್ಲ."

"ಅವು ಸೇರಿನ ಕಲ್ಲು. ಅವಕ್ಕ ನಿಮ್ಮ ಕಾಯ್ದೇದಾಗ ಹೆಚ್ಚು ಕಡಿಮಿಗೆ ರಿಯಾಯ್ತಿ ಐತಿ. ಬಂಗಾರದ ಕಲ್ಲಿಗೆ ರಿಯಾಯ್ತಿ ಇಲ್ಲೇ ಇಲ್ಲ ಅಂದಂಗ ಅಂತ ನೀವ ಹೇಳಿದ್ರಿ. ಮತ್ತ ಅತ್ತಿ ಎಲ್ಲಾಕ್ಕಿಂತ ಹೆಚ್ಚು ತಿಕ್ಕ್ಯಾರ ಅಂದ್ರ ಸಣ್ಣವನ್ನ."

ಅವರು ಎದ್ದು ಹೋಗಿ ಪೆಟ್ಟಿಗೆ ತೆರೆದರು. ಮಖಮಲ್ಲಿನ ಗುಳಿಗಳು ಖಾಲಿ. ಹಿತ್ತಲಿಗೆ ಹೋಗಿ ಹಲಗೆಯ ಮೇಲಿನ ಸಾಲನ್ನು ಒಂದೊಂದಾಗಿ ಎಣಿಸಿದರು. ನೌಕರಿಯೇ ಹೋಗಬಹುದು, ಅದು ಇಬ್ಬರಿಗೂ ಗೊತ್ತಿತ್ತು. ರಿಪೋರ್ಟನ್ನು ಹಾಗೇ ಕಳಿಸಿಬಿಟ್ಟರೆ ಕೇಳುವವರಿರಲಿಲ್ಲ, ಅದೂ ಗೊತ್ತಿತ್ತು.

"ಹೊರಗ ಕಾಳಮ್ಮ ಕುಂತಾಳ. ಹಳ್ಳದ ನೀರು ಕುಡ್ಯಾಕತ್ತಾರಂತ, ಹುಡುಗರು ಸಮೇತ," ಎಂದೆ.

ಅವರು ತಿರುಗಿ ನೋಡಲಿಲ್ಲ. "ಖಜಾನಿಗೆ ಹೋಗಿ ತೂಗೂಣು," ಎಂದರು. "ತೂಗದ ನಾ ಯಾರಿಗೂ ಏನೂ ಹೇಳಂಗಿಲ್ಲ. ಅವನ ಪರವಾಗೂ ಇಲ್ಲ, ವಿರುದ್ಧನೂ ಇಲ್ಲ."

ಅತ್ತೆಯವರು ಬಚ್ಚಲ ಬಾಗಿಲಿಗೆ ಆತು ನಿಂತು ಎಲ್ಲವನ್ನೂ ಕೇಳಿದ್ದರು. ಕೈಯಲ್ಲಿ ಇನ್ನೂ ನಾರು ಹಿಡಿದಿದ್ದರು. "ನಾ ಮಾಡಿದ್ದು ತಪ್ಪಾಗಿದ್ರ ನನ್ನ ಹೆಸರು ಬರಿಯೋ," ಎಂದರು. "ಮುದುಕಿ ತಿಕ್ಕಿದಳು ಅಂತ ಬರಿ. ನನ್ನನ್ನ ಯಾವ ಸರಕಾರ ನೌಕರಿಯಿಂದ ತಗೀತೈತಿ?"

"ಪೆಟಗಿ ನಿನ್ನ ತಾಬಾದಾಗ ಇರಲಿಲ್ಲವ್ವ, ನನ್ನ ತಾಬಾದಾಗ ಇತ್ತು," ಎಂದು ಅವರು ಅಂಗಿ ತೊಟ್ಟರು.

ಖಜಾನೆಯಲ್ಲಿ ತೂಗಬೇಕಾದರೆ ಓದುಬರಹ ಬಲ್ಲ ಇಬ್ಬರು ಸಾಕ್ಷಿಗಳು ಎದುರಿಗಿರಬೇಕು. ಆ ದಿನಗಳಲ್ಲಿ ಯಾರ ಮನೆಯ ಕದ ತಟ್ಟಿದರೂ ಕಿಟಕಿಯಿಂದಲೇ ಮಾತಾಡಿ ಕಳಿಸುತ್ತಿದ್ದರು. ಕೊನೆಗೆ ನಾನೇ ಸೆರಗು ಹೊದ್ದು ಟಾಂಗಾ ಹತ್ತಿದೆ. ಕಲ್ಲುಗಳ ಪೆಟ್ಟಿಗೆ ನಮ್ಮವರ ತೊಡೆಯ ಮೇಲೆ, ಮುದ್ರೆ ಹಾಕಿದ ಮೌನೇಶಪ್ಪನ ಚೀಲ ಅದರ ಮೇಲೆ. ಕಾಳಮ್ಮ ನೀರಿನ ತಂಬಿಗೆ ಹಿಡಿದುಕೊಂಡು ಟಾಂಗಾದ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕುಳಿತಳು.

ಕಚೇರಿಯ ಗೇಟಿನಲ್ಲಿ ಪಹರೆಯವನು ಕೋಲು ಅಡ್ಡ ಹಿಡಿದ. "ಸೂಜಿ ಚೀಟಿ ತೋರಸ್ರಿ." ಕಾಲರಾದ ಸೂಜಿ ಹಾಕಿಸಿಕೊಂಡ ಚೀಟಿ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ನಮ್ಮಿಬ್ಬರ ಬಳಿ ಇತ್ತು, ಕಾಳಮ್ಮನ ಬಳಿ ಇರಲಿಲ್ಲ. ಅವಳು ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಕುಳಿತಳು.

ಮಾಮಲೇದಾರರು ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು, ಬಂದವರನ್ನೆಲ್ಲ ಮೆಟ್ಟಿಲ ಕೆಳಗೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ನಮ್ಮವರು ಕೆಳಗಿನಿಂದಲೇ ವಿಷಯ ಹೇಳಿದರು. ಯಾವುದನ್ನೂ ಮುಚ್ಚಿಡಲಿಲ್ಲ, ಹುಣಸೆಹಣ್ಣನ್ನೂ ಹೇಳಿದರು. ಮಾಮಲೇದಾರರು ಕನ್ನಡಕ ತೆಗೆದು ಒರೆಸಿ, "ಖಜಾನಿ ಕಪಾಟು ತಗೀರಿ ಅಂತ ಚೀಟಿ ಕೊಡ್ತೇನಿ. ಏನು ಬರ್ತದೋ ಅದನ್ನ ಬರಕೊಂಡು ಬರ್ರಿ," ಎಂದರು. ನಗಲೂ ಇಲ್ಲ, ಗದರಿಸಲೂ ಇಲ್ಲ.

ಖಜಾನೆಯ ಕಾರಕೂನ ವೆಂಕಣ್ಣ ಕೊರಳಿಗೆ ಕರ್ಪೂರದ ಗಂಟು ಕಟ್ಟಿಕೊಂಡು, ಮಾತಿಗೊಮ್ಮೆ ಅದನ್ನು ಮೂಗಿಗೆ ಹಿಡಿಯುತ್ತಿದ್ದ. ನನ್ನನ್ನು ನೋಡಿ, "ಹೆಣ್ಣಮಕ್ಕಳ ಸಹಿ ನಡೀತೈತೇನ್ರಿ ಸಾಹೇಬ್ರ?" ಎಂದ.

"ಓದು ಬರಹ ಬಲ್ಲವರು ಅಂತ ಐತಿ ಕಾಯ್ದೇದಾಗ. ಗಂಡಸರು ಅಂತ ಇಲ್ಲ."

ಕಪಾಟಿನಿಂದ ಕಲ್ಲುಗಳು ಹೊರಬಂದವು. ಖಜಾನೆಯ ಕಲ್ಲುಗಳು ಮಬ್ಬಾಗಿ, ಹಳೆಯ ಜೇನಿನ ಬಣ್ಣಕ್ಕೆ ತಿರುಗಿದ್ದವು. ಅವುಗಳ ಪಕ್ಕದಲ್ಲಿ ನಮ್ಮವು ಮದುವೆ ಮನೆಯ ಸಾಮಾನಿನ ಹಾಗೆ ಹೊಳೆದವು. ಅದನ್ನು ನೋಡಿದಾಗಲೇ ಮುಂದೆ ಬರುವುದೇನೆಂದು ನನಗೆ ಅರ್ಧ ತಿಳಿದುಹೋಯಿತು. ಆದರೆ ತಕ್ಕಡಿ ನಿಲ್ಲಬೇಕಲ್ಲ! ಹೊರಗೆ ಬೇಸಿಗೆಯ ಗಾಳಿ ಬೀಸುತ್ತಿತ್ತು. ಕಿಟಕಿಗಳೆಲ್ಲ ತೆರೆದಿದ್ದವು. ಮುಳ್ಳು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡುತ್ತಲೇ ಇತ್ತು.

"ಕಿಡಕಿ ಮುಚ್ಚು ವೆಂಕಣ್ಣ."

"ಮುಚ್ಚಂಗಿಲ್ರಿ. ಕಚೇರಿ ಕಿಡಕಿ ತೆರದ ಇರಬೇಕು ಅಂತ ಡಾಕ್ಟರ್ ಸಾಹೇಬ್ರ ಹುಕುಂ ಐತಿ."

"ಗಾಳಿ ಬಂದ್ರ ತಕ್ಕಡಿ ನಿಲ್ಲಂಗಿಲ್ಲಪಾ."

"ಕಿಡಕಿ ಮುಚ್ಚಿದ್ರ ನಾ ನಿಲ್ಲಂಗಿಲ್ರಿ," ಎಂದು ವೆಂಕಣ್ಣ ಕರ್ಪೂರ ಮೂಸಿದ.

ಒಂದು ಇಲಾಖೆಯ ನಿಯಮ ಕಿಟಕಿ ಮುಚ್ಚು ಎನ್ನುತ್ತದೆ, ಇನ್ನೊಂದರದು ತೆರೆ ಎನ್ನುತ್ತದೆ. ಆ ವರ್ಷ ಇಂಥ ಜಗಳ ಎಲ್ಲ ಕಚೇರಿಗಳಲ್ಲೂ ಇತ್ತೆಂದು ಆಮೇಲೆ ಕೇಳಿದ್ದೇನೆ. ಗೇಟಿನ ಆಚೆ ಕಾಳಮ್ಮ ಕುಳಿತಿರುವಾಗ ಜಗಳಕ್ಕೆ ಸಮಯವಿರಲಿಲ್ಲ. ಮೂಲೆಯಲ್ಲಿ ಮಡಿಚಿಟ್ಟಿದ್ದ ಒಂದು ಜಮಖಾನೆಯನ್ನು ನಾನು ಎಳೆದು ತಂದು ಎರಡು ಕುರ್ಚಿಗಳ ಬೆನ್ನಿಗೆ ಹಾಸಿ ಗಾಳಿಗೆ ಅಡ್ಡ ಕಟ್ಟಿದೆ. ಸಂದಿಯಿದ್ದ ಕಡೆ ನಾನೇ ನಿಂತೆ. ವೆಂಕಣ್ಣ ತೆರೆದ ಕಿಟಕಿಗೆ ಬೆನ್ನು ಹಚ್ಚಿ ಕತ್ತು ಚಾಚಿ ನೋಡಿದ. ಮುಳ್ಳು ಮೆಲ್ಲಗೆ, ಬಹಳ ಮೆಲ್ಲಗೆ, ಸಮಾಧಾನಕ್ಕೆ ಬಂತು.

ಮೊದಲು ಖಜಾನೆಯ ತೊಲದ ಕಲ್ಲಿಗೆ ನಮ್ಮ ತೊಲದ ಕಲ್ಲು. ನಮ್ಮ ತಟ್ಟೆ ಮೇಲೆದ್ದು ಅಲ್ಲೇ ನಿಂತಿತು. ಅದನ್ನು ಸಮಕ್ಕೆ ತರಲು ನಮ್ಮವರು ಇಕ್ಕಳದಿಂದ ಒಂದು ಚೂರು ತಗಡು ಹಾಕಬೇಕಾಯಿತು. ಅಕ್ಕಿಯ ನುಚ್ಚಿನಷ್ಟು, ಅಷ್ಟೇ. ಅಷ್ಟಕ್ಕೆ ಒಂದು ಮನೆತನ ಹಳ್ಳದ ನೀರಿಗೆ ಬಿದ್ದಿತ್ತು. ಆಮೇಲೆ ಅರಗಿನ ಮುದ್ರೆ ಒಡೆದು ಮೌನೇಶಪ್ಪನ ಕಲ್ಲನ್ನು ಇಟ್ಟರು. ಮುಳ್ಳು ನಡುವೆ ಬಂದು ನಿಂತಿತು. ಅರ್ಧ ತೊಲವೂ ಹಾಗೇ, ಮಾಸಿಯೂ ಹಾಗೇ.

ವೆಂಕಣ್ಣ ಕರ್ಪೂರ ಮರೆತು, "ಹುಣಸಿಹಣ್ಣು ಇಷ್ಟು ಮಾಡತೈತೇನ್ರಿ!" ಎಂದ. ಅವನೂ ನಾನೂ ಸಾಕ್ಷಿಗಳ ಜಾಗದಲ್ಲಿ ಸಹಿ ಹಾಕಿದೆವು. ಸಿಸ್ಟರುಗಳು ಕಲಿಸಿದ ನನ್ನ ದುಂಡು ಅಕ್ಷರ ಅಂದು ಸೊಟ್ಟಾಯಿತು.

ಮಾಮಲೇದಾರರು ಓದಿ ನೋಡಿ ಖಟ್ಲೆಯ ಕಾಗದವನ್ನು ಪಕ್ಕಕ್ಕಿಟ್ಟರು. ಕೀಲಿ ತೆಗೆಯಲು ಹುಕುಂ ಬರೆದುಕೊಟ್ಟು, "ನಿಮ್ಮ ಬಗ್ಗೆ ಮ್ಯಾಲೆ ಬರೀಬೇಕಾಗ್ತದ, ತಿಳೀತಲ್ಲ?" ಎಂದರು. ನಮ್ಮವರು ತಲೆಯಾಡಿಸಿದರು.

ಗೇಟಿನ ಹೊರಗೆ ಕಾಳಮ್ಮನಿಗೆ ನಾನೇ ಹೇಳಿದೆ. ಅವಳು ಅಳಬಹುದು, ಕಾಲಿಗೆ ಬೀಳಬಹುದು ಎಂದುಕೊಂಡಿದ್ದೆ. ಅವಳು ಸೂರ್ಯನ ಕಡೆ ನೋಡಿ, "ಹನ್ನೆರಡರ ಮೋಟಾರು ಸಿಗತೈತೇನ್ರಿ?" ಎಂದಳು.

ಯುದ್ಧದ ಕಾಲವಾದ್ದರಿಂದ ಪೆಟ್ರೋಲ್ ಇರಲಿಲ್ಲ. ಇದ್ದಲಿಯ ಗ್ಯಾಸಿನ ಮೇಲೆ ಓಡುವ ಮೋಟಾರು ಅದು. ಬೆನ್ನಿಗೆ ಒಲೆ ಕಟ್ಟಿಕೊಂಡ ಹಾಗೆ ಹೊಗೆ ಉಗುಳುತ್ತ, ದಿನ್ನೆ ಬಂದಾಗ ಏದುಸಿರು ಬಿಡುತ್ತ ಟಿಕೋಟಾದ ಹಾದಿ ಹಿಡಿಯಿತು. ಒಳಗೆ ನಾವು ಮೂವರನ್ನು ಬಿಟ್ಟರೆ ಬೆರಳೆಣಿಕೆಯ ಜನ, ಎಲ್ಲರ ಬಾಯಿಗೂ ಅರಿವೆ. ಕಾಳಮ್ಮ ದಾರಿಯುದ್ದಕ್ಕೂ ತಂಬಿಗೆಯ ಬಾಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. ಹೋಗಿ ಮುಟ್ಟುವಷ್ಟರಲ್ಲಿ ಆ ಮಕ್ಕಳಿಗೆ ಏನಾದರೂ ಆಗಿದ್ದರೆ ಎಂಬ ಒಂದೇ ಭಯ ನನ್ನನ್ನು ಕೊರೆಯುತ್ತಿತ್ತು. ನಮ್ಮವರು ಕಿಟಕಿಯ ಹೊರಗೆ ನೋಡುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದರು. ಊರವರ ಎದುರಿಗೆ ಹೇಳಬೇಕಾದ ಮಾತು ಅದೆಂದು ಆಮೇಲೆ ತಿಳಿಯಿತು.

ಟಿಕೋಟಾದಲ್ಲಿ ಆ ಮಾತು ಕೇಳಲು ಜನವೇ ಇರಲಿಲ್ಲ. ಸ್ಥಿತಿವಂತರು ಊರು ಬಿಟ್ಟಿದ್ದರು. ಉಳಿದವರಲ್ಲಿ ಅರ್ಧ ಮಂದಿ ಘೋಣಸಗಿಯ ಕಡೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಸಂತೆ ನೆರೆಯುವ ಬಯಲಿನಲ್ಲಿ ಎರಡು ನಾಯಿ ಮಲಗಿದ್ದವು. ಚಾವಡಿಯಲ್ಲಿದ್ದ ಊರ ಗೌಡರು ಹುಕುಂ ಓದಿಸಿ ಕೇಳಿ, ನಿಟ್ಟುಸಿರು ಬಿಟ್ಟರು.

"ಕೀಲಿ ಹಾಕೂವಾಗ ಸಂತಿ ತುಂಬಿತ್ತು ಸಾಹೇಬ್ರ. ತಗ್ಯಾಕ ಬಂದೀರಿ, ಮಂದೀನ ಇಲ್ಲ."

"ಡಂಗುರ ಹೊಡಸ್ರಿ ಗೌಡ್ರ," ಎಂದರು ನಮ್ಮವರು. "ಇನ್ಸ್‌ಪೆಕ್ಟರರ ಕಲ್ಲು ತಪ್ಪಿತ್ತು, ಮೌನೇಶಪ್ಪನ ಕಲ್ಲು ಸರಿ ಅದಾವು ಅಂತ ಸಾರಸ್ರಿ. ನನ್ನ ಕಲ್ಲು ಅಂತನ ಹೇಳಬೇಕು."

ವಾಲೀಕಾರ ಹಲಗೆ ಬಾರಿಸುತ್ತ ಓಣಿ ಓಣಿ ತಿರುಗಿದ. ನಾವು ಅವನ ಹಿಂದೆ ನಡೆದೆವು. ಮುಚ್ಚಿದ ಬಾಗಿಲುಗಳ ಮುಂದೆ ನಿಂತು ಸಾರುವುದು, ಮುಂದಕ್ಕೆ ಹೋಗುವುದು. ಎಲ್ಲೋ ಒಂದು ಕಿಟಕಿಯ ಕದ ಸರಿದಂತಾಯಿತು, ಎಲ್ಲೋ ಯಾರೋ ಕೆಮ್ಮಿದರು. ಯಾವ ಬಾಗಿಲೂ ತೆರೆಯಲಿಲ್ಲ.

ಮೌನೇಶಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಮಂಡಿಗೆ ಕೈ ಕಟ್ಟಿ ಕುಳಿತಿದ್ದ. ಎರಡು ಮಕ್ಕಳೂ ಅವನ ಬೆನ್ನ ಹಿಂದೆ ಆಡುತ್ತಿದ್ದವು. ಆಡುತ್ತಿದ್ದವು ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ನನ್ನ ಉಸಿರು ಸರಿಯಾಯಿತು. ಕಾಳಮ್ಮ ಓಡಿಹೋಗಿ ತಂಬಿಗೆಯ ನೀರನ್ನು ಅವುಗಳ ಬಾಯಿಗೆ ಹಿಡಿದಳು. ನಮ್ಮವರು ಅಂಗಡಿಯ ಕೀಲಿ ತೆಗೆದು, ಕಲ್ಲುಗಳನ್ನು ಅವನ ಮುಂದಿಟ್ಟು, "ತಪ್ಪು ನನ್ನ ಕಡಿಂದ ಆತು ಮೌನೇಶಪ್ಪ," ಎಂದರು.

ಅವನು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಎತ್ತುವ ರೀತಿಯಲ್ಲೇ ಅವನ ಕಸುಬು ಕಾಣುತ್ತಿತ್ತು. ಅಂಗೈ ತಾಗಿಸದೆ, ಉಗುರ ತುದಿಯಿಂದ. "ನೀವು ಬಂದು ಹೇಳಿದ್ದು ದೊಡ್ಡದಾತ್ರಿ ಸಾಹೇಬ್ರ," ಎಂದ. ಆಮೇಲೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿ, "ಆದ್ರ ಯಾರಿಗೆ ಹೇಳಿದ್ರಿ?" ಎಂದ.

ನಾನು ಕಾಳಮ್ಮನಿಗೆ, "ಕೊಡ ತಗೋ, ಬಾವಿಗೆ ಹೋಗೂಣು," ಎಂದೆ. ಬಾವಿಯ ದಂಡೆಯಲ್ಲಿ ಮೂರು ನಾಲ್ಕು ಹೆಂಗಸರಿದ್ದರು. ನಮ್ಮನ್ನು ನೋಡಿ ಮಾತು ನಿಲ್ಲಿಸಿದರು. ನಮ್ಮವರು ದೂರದಲ್ಲೇ ನಿಂತು ಬಾಯಿಪಾಠ ಮಾಡಿದ್ದನ್ನು ಗಟ್ಟಿಯಾಗಿ ಹೇಳಿದರು. ಅವರಲ್ಲಿ ಹಿರಿಯಳೊಬ್ಬಳು ತನ್ನ ಕೊಡವನ್ನು ಎತ್ತಿಕೊಂಡು ಸರಿದಳು. ಹಗ್ಗವನ್ನು ಮಾತ್ರ ಕಾಳಮ್ಮನ ಕೈಗೆ ಕೊಡಲಿಲ್ಲ, ಕಲ್ಲಿನ ಮೇಲೆ ಇಟ್ಟಳು. "ಸೇದಿಕೋ," ಎಂದಳು, ಮುಖ ನೋಡದೆ. ಕಾಳಮ್ಮ ಸೇದಿದಳು. ನೀರು ನಸುಗೆಂಪಾಗಿತ್ತು. ತುಂಬಿದ ಕೊಡ ಹೊತ್ತು ಅವಳು ನಡೆಯುವಾಗ ಒಂದು ಹನಿಯೂ ತುಳುಕಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮವರ ಮೇಲೆ ವಿಚಾರಣೆ ನಡೆಯಿತು, ಬರಬೇಕಾಗಿದ್ದ ಬಡ್ತಿ ತಪ್ಪಿತು. ಬಬಲೇಶ್ವರದ ಕಲ್ಲುಗಳನ್ನೆಲ್ಲ ಎರಡನೆಯ ಸಲ ತೂಗಬೇಕಾಯಿತು, ಅಂಗಡಿಯವರ ಕೊಂಕು ಮಾತುಗಳನ್ನೂ ಕೇಳಬೇಕಾಯಿತು. ವಿಚಾರಣೆಯ ಕಾಗದದಲ್ಲಿ ಎಲ್ಲೂ ಅತ್ತೆಯವರ ಹೆಸರಿರಲಿಲ್ಲ. 'ನನ್ನ ತಾಬಾದಲ್ಲಿರುವಾಗ' ಎಂದಷ್ಟೇ ಇತ್ತು. ಆಮೇಲೆ ನೌಕರಿ ಇರುವ ತನಕ ಅವರು ಯಾರ ಕಲ್ಲನ್ನಾದರೂ ಜಪ್ತಿ ಮಾಡುವ ಮೊದಲು ತಮ್ಮ ಕಲ್ಲನ್ನು ಖಜಾನೆಗೆ ಒಯ್ದು ತೂಗಿಸುತ್ತಿದ್ದರು, ಯಾರೂ ಕೇಳದಿದ್ದರೂ. ಹೊಸದಾಗಿ ಇಲಾಖೆಗೆ ಸೇರಿದವರಿಗೆ ಅವರು ಹೇಳುತ್ತಿದ್ದ ಮಾತು ಒಂದೇ. ಪರೀಕ್ಷೆ ಮಾಡುವವನನ್ನು ಪರೀಕ್ಷೆ ಮಾಡುವುದನ್ನು ಎಂಥ ಕಾಲ ಬಂದರೂ ಮುಂದೂಡಬೇಡಿ, ತಪ್ಪು ಹೊರಿಸುವುದಾದರೆ ನಾಲ್ಕು ಗೋಡೆಗಳ ಒಳಗೆ ಹೊರಿಸಿ, ಏಕೆಂದರೆ ಅದನ್ನು ವಾಪಸು ತೆಗೆದುಕೊಳ್ಳುವ ದಿನ ಸಂತೆ ಇರುತ್ತದೆಂಬ ಭರವಸೆಯಿಲ್ಲ. ಆ ಮಾತಿನ ಕೊನೆಯ ಭಾಗವನ್ನು ಅವರು ಕಲಿತದ್ದು ಟಿಕೋಟಾದಲ್ಲಿ. ಅದು ಅವರಿಗೆ ಪೂರ್ತಿ ಅರ್ಥವಾದದ್ದು ಅಂದೇ ಸಂಜೆ, ಹಿತ್ತಲಿನಿಂದ ನಾನು ಕೇಳಿಕೊಂಡು ಬಂದ ಒಂದು ಮಾತಿನಿಂದ.

ನಾವು ಅದೇ ಮೋಟಾರಿಗೆ ಮರಳಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಅತ್ತೆಯವರು ಬಾಗಿಲಲ್ಲೇ ಬಿಸಿನೀರು ಇಟ್ಟುಕೊಂಡು ಕಾದಿದ್ದರು. "ಹುಡುಗರು?" ಎಂದು ಕೇಳಿದರು. "ಆಡಾಕತ್ತಿದ್ದುವು ಅತ್ತೀ," ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಕೈಕಾಲು ತೊಳೆದುಕೊಂಡು, ಒಣಹಾಕಿದ್ದ ಅರಿವೆ ತರಲು ನಾನು ಹಿತ್ತಲಿಗೆ ಹೋದೆ. ಪಕ್ಕದ ಮನೆಯ ಗಂಗೂಬಾಯಿ ಗೋಡೆಯಾಚೆ ಹಪ್ಪಳ ಎತ್ತಿಡುತ್ತಿದ್ದಳು. ಅವಳ ಗಂಡನದು ರಸ್ತೆಯ ಮೇಲೆಯೇ ಮೋಟಾರು ರಿಪೇರಿಯ ಅಂಗಡಿ. ಟಿಕೋಟಾದ ಮೋಟಾರು ರಾತ್ರಿ ನಿಲ್ಲುವುದೂ ಅಲ್ಲಿಯೇ. ಡ್ರೈವರನು ಚಹಾ ಕುಡಿಯುತ್ತ ಸುದ್ದಿ ಹೇಳಿಯಾಗಿತ್ತು. ಗಂಗೂಬಾಯಿ ಕೆಟ್ಟವಳಲ್ಲ. ನನಗೆ ಜ್ವರ ಬಂದಾಗ ವಾರಗಟ್ಟಲೆ ಗಂಜಿ ಮಾಡಿ ಕಳಿಸಿದ ಹೆಂಗಸು.

"ಏನ್ ವೈನಿ, ಗಂಡ ಹೆಂಡ್ತಿ ಕೂಡಿ ಹೋಗಿ ಪತ್ತಾರನ ಕೀಲಿ ತಗದು ಬಂದ್ರಂತಲ್ಲ!" ಎಂದು ಅವಳು ನಗುತ್ತ, ಹಪ್ಪಳದ ಮೇಲಿನ ಧೂಳು ಝಾಡಿಸಿದಳು. "ಮತ್ತ ಅದಕ್ಕ ಏನು ಮಾಡಿ ಕೊಟ್ಟಾನ ನಿಮಗ, ಕಿವಿಗೆ ಬುಗುಡಿಯೋ, ಕೈಗೆ ಬಿಲ್ವಾರೋ?"